ಆರು ವಾರಕ್ಕೊಮ್ಮೆ ಹೊಸ ಜೊತೆಗಾರರು: ಪರದೇಶದ ಮಾರ್ಮನ್ ಮಿಷನ್‌ನಲ್ಲಿ ಹೊಂದಿಕೊಳ್ಳುವ ಬಗೆ

ಮಿಷನ್‌ಗೆ, ಅಂದರೆ ಚರ್ಚ್‌ನ ಧರ್ಮಪ್ರಚಾರ ಸೇವೆಗೆ, ಹೊರಟವರು ಭಾಷೆಗೆ ಹೆದರುತ್ತಾರೆ, ಊಟಕ್ಕೆ ಹೆದರುತ್ತಾರೆ, ಮುಖದ ಮೇಲೆ ಬಾಗಿಲು ಹಾಕುವವರಿಗೆ ಹೆದರುತ್ತಾರೆ. ಪಕ್ಕದ ಮಂಚದಲ್ಲಿ ಮಲಗುವ ಮನುಷ್ಯನ ಬಗ್ಗೆ ಯೋಚಿಸುವುದೇ ಇಲ್ಲ. ಹೋಗಿ ಒಂದು ತಿಂಗಳಾಗುವಷ್ಟರಲ್ಲಿ ತಲೆಯೊಳಗೆ ಓಡುತ್ತಿರುವುದು ಬಹುಪಾಲು ಆ ಮನುಷ್ಯನ ವಿಚಾರವೇ.

ಜನ ಮಾರ್ಮನ್ ಎಂದು ಕರೆಯುವ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್‌ನಲ್ಲಿ ಯುವಕರ ಸೇವೆ 24 ತಿಂಗಳು, ಯುವತಿಯರದು 18 ತಿಂಗಳು. ಅಷ್ಟೂ ದಿನ ಜೋಡಿಯಾಗಿಯೇ ಇರಬೇಕು. ಯಾರ ಜೊತೆ ಯಾರು ಎಂಬುದನ್ನು ಆ ಪ್ರದೇಶದ ಮಿಷನ್‌ನ ಹೊಣೆ ಹೊತ್ತ ಮಿಷನ್ ಪ್ರೆಸಿಡೆಂಟ್ ತೀರ್ಮಾನಿಸುತ್ತಾರೆ. ಜೊತೆಗಾರರನ್ನೋ ಊರನ್ನೋ ಬದಲಿಸುವ ಟ್ರಾನ್ಸ್‌ಫರ್ ಸಾಮಾನ್ಯವಾಗಿ ಆರು ವಾರಕ್ಕೊಮ್ಮೆ ಬರುತ್ತದೆ. ಲೆಕ್ಕ ಹಾಕಿದರೆ ಎಲ್ಡರ್‌ಗಳಿಗೆ (ಯುವಕ ಮಿಷನರಿಗಳಿಗೆ) ಸುಮಾರು 17 ಅವಧಿ, ಸಿಸ್ಟರ್‌ಗಳಿಗೆ (ಯುವತಿಯರಿಗೆ) 13. ಪ್ರತಿ ಸಲವೂ ಜೊತೆಗಾರರು ಬದಲಾಗುವುದಿಲ್ಲ, ಆದರೆ ಬದಲಾಗಬಹುದು ಎಂದುಕೊಂಡೇ ಬದುಕಬೇಕು. ನಿಯಮ ಗಟ್ಟಿಯಾಗಿದೆ: ಒಬ್ಬರು ಇನ್ನೊಬ್ಬರಿಗೆ ಕಾಣುವಷ್ಟು, ಕೇಳುವಷ್ಟು ಹತ್ತಿರದಲ್ಲಿರಬೇಕು. ಒಂದೇ ಕೋಣೆ, ಬೇರೆ ಬೇರೆ ಹಾಸಿಗೆ. ಬಚ್ಚಲು, ಪ್ರೆಸಿಡೆಂಟ್ ಜೊತೆಗಿನ ಸಂದರ್ಶನ, ಇಂಥ ಕೆಲವೇ ಹೊತ್ತು ಒಬ್ಬರೇ ಇರುವುದು. ಮದುವೆಯಾದವರೂ ಇಷ್ಟು ಹೊತ್ತು ಒಟ್ಟಿಗೆ ಇರುವುದಿಲ್ಲ. ಆದ್ದರಿಂದ ಕಷ್ಟವಾದರೆ ನಿಮ್ಮ ನಂಬಿಕೆಯಲ್ಲೇ ಏನೋ ಕೊರತೆಯಿದೆ ಎಂದು ಕೊರಗಬೇಡಿ. ಈ ಏರ್ಪಾಡೇ ಕಷ್ಟದ್ದು.

ಮೊದಲ ಸಂಜೆಯ ಮಾತು

ಬ್ಯಾಗು ಇಳಿಸಿದ ದಿನ ಇಬ್ಬರೂ ಬಹಳ ವಿನಯದಿಂದ ಇರುತ್ತಾರೆ. "ನಿಮಗೆ ಹೇಗೆ ಬೇಕೋ ಹಾಗೆ", "ನನಗೇನೂ ತೊಂದರೆ ಇಲ್ಲ". ಆ ದಿನ ನುಂಗಿಕೊಂಡದ್ದೇ ನಾಲ್ಕನೇ ವಾರದಲ್ಲಿ ಕೋಪವಾಗಿ ಹೊರಬರುತ್ತದೆ. ಹಾಗಾಗಿ ಮೊದಲ ರಾತ್ರಿ ಮಲಗುವ ಮುಂಚೆ ಅರ್ಧ ಗಂಟೆ ಎದುರುಬದುರು ಕೂತು, ಮನೆ ನಡೆಸುವ ಚಿಲ್ಲರೆ ಸಂಗತಿಗಳನ್ನು ಬಾಯಿಬಿಟ್ಟು ಮಾತಾಡಿ. ಧರ್ಮ, ಗುರಿ, ಸಂಖ್ಯೆಗಳನ್ನು ಮರುದಿನ ನೋಡಿಕೊಳ್ಳಬಹುದು.

ಮೊದಲು ನಿದ್ದೆ. ರೂಢಿಯ ವೇಳಾಪಟ್ಟಿಯಲ್ಲಿ 6:30ಕ್ಕೆ ಏಳುವುದು, 10:30ಕ್ಕೆ ಮಲಗುವುದು. ಕೆಲವು ಮಿಷನ್‌ಗಳಲ್ಲಿ ಇದು ಹಿಂದೆ ಮುಂದೆ ಆಗುತ್ತದೆ. ಅಲಾರಂ ಯಾರ ಹಾಸಿಗೆ ಪಕ್ಕ? ಒಂದೇ ಸಲ ಹೊಡೆಯಬೇಕೋ, ಸ್ನೂಜ್ ಉಂಟೋ? ಸ್ನೂಜ್ ಒತ್ತಿದವರು ಮತ್ತೆ ನಿದ್ದೆಗೆ ಜಾರುತ್ತಾರೆ, ಎಚ್ಚರವಾದ ಇನ್ನೊಬ್ಬರು ಛಾವಣಿ ನೋಡುತ್ತಾ ಬಿದ್ದಿರುತ್ತಾರೆ. ಅಲಾರಂ ಕೋಣೆಯ ಆಚೆ ಮೂಲೆಯಲ್ಲಿಟ್ಟು ಒಂದೇ ಸಲ ಎಂದು ಒಪ್ಪಿಕೊಂಡರೆ ತಕರಾರು ಅರ್ಧ ಕಡಿಮೆ. ಗೊರಕೆ, ದೀಪ, ಕಿಟಕಿ, ಫ್ಯಾನು ಎಲ್ಲವೂ ಇದೇ ಮಾತಿನಲ್ಲಿ ಬರಲಿ. ಗೊರಕೆ ಹೊಡೆಯುವವರು ತಾವೇ ಮೊದಲು ಹೇಳಿಕೊಳ್ಳುವುದು ಒಳ್ಳೆಯದು. ಕಿವಿಗೆ ಇಡುವ ಮೆತ್ತೆ ಒಂದು ಜೊತೆ ತಂದುಕೊಟ್ಟರೆ ಇನ್ನೂ ಒಳ್ಳೆಯದು.

ಆಮೇಲೆ ಬಚ್ಚಲು. ವ್ಯಾಯಾಮ ಮುಗಿಯುವುದು 7ಕ್ಕೆ, ಓದು ಶುರುವಾಗುವುದು 8ಕ್ಕೆ. ಒಂದೇ ಬಚ್ಚಲಿದ್ದರೆ ತಲೆಗೆ ಹದಿನೈದು ನಿಮಿಷ, ಯಾರು ಮೊದಲು ಎಂಬುದು ವಾರಕ್ಕೊಮ್ಮೆ ಅದಲುಬದಲು.

ದುಡ್ಡಿನ ವಿಚಾರದಲ್ಲಿ ಸಂಕೋಚ ಬೇಡ. ತಿಂಗಳ ಖರ್ಚಿನ ಹಣ ಇಬ್ಬರಿಗೂ ಪ್ರತ್ಯೇಕವಾಗಿ ಬರುತ್ತದೆ, ಅಡುಗೆಮನೆ ಮಾತ್ರ ಒಂದೇ. ಎಣ್ಣೆ, ಉಪ್ಪು, ಸಾಬೂನು, ಪಾತ್ರೆ ತೊಳೆಯುವ ಸಾಮಾನು ಸಮಪಾಲಿನಲ್ಲಿ. ತಿಂಡಿ ತೀರ್ಥ ಅವರವರದು. ಖರ್ಚಿನ ಚೀಟಿಯನ್ನು ಫ್ರಿಜ್ ಮೇಲೆ ಅಂಟಿಸಿ, ವಾರಕ್ಕೊಮ್ಮೆ ಲೆಕ್ಕ ತೀರಿಸಿ. ಸಾಲ ಕೊಡಲೇಬೇಕಾದರೆ ಒಂದು ಹೊತ್ತಿನ ಊಟದ ಬೆಲೆ ಮೀರದಿರಲಿ, ಅದಕ್ಕಿಂತ ದೊಡ್ಡ ತೊಂದರೆ ಇದ್ದರೆ ಮಿಷನ್ ಕಚೇರಿಗೆ ತಿಳಿಸಿ. ನಿಮ್ಮ ಮನೆಯಿಂದ ತಿಂಗಳಿಗೆರಡು ಪಾರ್ಸೆಲ್ ಬರುತ್ತಿದ್ದು ಅವರಿಗೆ ಒಂದೂ ಬರದಿದ್ದರೆ ಅದು ಅವರ ಕಣ್ಣಿಗೆ ಬಿದ್ದೇ ಬೀಳುತ್ತದೆ. ಹಂಚಿಕೊಳ್ಳಿ, ಅದನ್ನೊಂದು ಉಪಕಾರ ಮಾಡಿ ತೋರಿಸಬೇಡಿ.

ಕೊನೆಗೆ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ: "ನಿಮ್ಮ ಮನೆಯಲ್ಲಿ ಯಾರಿಗಾದರೂ ಸಿಟ್ಟು ಬಂದರೆ ಏನು ಮಾಡುತ್ತಾರೆ?" ಕೆಲವರ ಮನೆಯಲ್ಲಿ ಕೂಗಾಡಿ ಹತ್ತು ನಿಮಿಷಕ್ಕೆ ಒಟ್ಟಿಗೆ ಊಟಕ್ಕೆ ಕೂರುತ್ತಾರೆ, ಕೆಲವರ ಮನೆಯಲ್ಲಿ ಎರಡು ದಿನ ಮಾತೇ ಇರುವುದಿಲ್ಲ. ಮೊದಲ ಬಗೆಯವರ ದನಿ ಎರಡನೆಯವರಿಗೆ ಹಲ್ಲೆಯಂತೆ ಕೇಳಿಸುತ್ತದೆ, ಎರಡನೆಯವರ ಮೌನ ಮೊದಲಿನವರಿಗೆ ತಿರಸ್ಕಾರದಂತೆ. ಬೇರೆ ಬೇರೆ ದೇಶದಿಂದ ಬಂದ ಜೋಡಿಗಳಲ್ಲಿ ಜಗಳ ಹುಟ್ಟುವುದು ಬಹಳ ಸಲ ಇಲ್ಲೇ. ಉತ್ತರ ಮೊದಲೇ ಗೊತ್ತಿದ್ದರೆ ಅವರ ಮೌನಕ್ಕೆ ನೀವು ಇಲ್ಲದ ಅರ್ಥ ಹಚ್ಚುವುದಿಲ್ಲ.

ಹಿಂದಿನ ಜೊತೆಗಾರರ ಹೆಸರು

ಮೊದಲ ಎರಡು ವಾರ "ನನ್ನ ಹಿಂದಿನ ಕಂಪ್ಯಾನಿಯನ್ (ಜೊತೆಗಾರರು) ಹೀಗೆ ಮಾಡುತ್ತಿದ್ದರು" ಎಂಬ ವಾಕ್ಯವನ್ನು ಬಾಯಿಗೆ ತರಬೇಡಿ. ಹೊಗಳಿಕೆಯಾದರೆ ಇವರನ್ನು ಕುಗ್ಗಿಸಿದಂತೆ. ತೆಗಳಿಕೆಯಾದರೆ ಮುಂದೆ ತಮ್ಮ ಬಗ್ಗೆಯೂ ಹೀಗೆಯೇ ಹೇಳುತ್ತೀರಿ ಎಂದು ಇವರಿಗೆ ಅರ್ಥವಾಗುತ್ತದೆ. ಊರಿನ ಚರ್ಚ್ ಸದಸ್ಯರು ಹೇಗೂ ಹೋಲಿಸುತ್ತಾರೆ, "ಹಿಂದೆ ಇದ್ದ ಎಲ್ಡರ್ ಎಷ್ಟು ಚೆನ್ನಾಗಿ ಮಾತಾಡುತ್ತಿದ್ದರು" ಎಂದು. ಆಗ ನೀವು ಹೊಸಬರ ಪರ ಒಂದು ಮಾತು ಸೇರಿಸಿ. ಅದನ್ನು ಅವರು ಮರೆಯುವುದಿಲ್ಲ.

ಊರು ಬಲ್ಲವರು ನೀವಾಗಿದ್ದರೆ, ದಾರಿ, ಬಸ್ಸು, ಯಾರ ಮನೆಗೆ ಯಾವಾಗ ಎಂಬುದೆಲ್ಲ ನಿಮ್ಮ ತಲೆಯಲ್ಲೇ ಇದ್ದು ಅವರು ಬಾಲದಂತೆ ಹಿಂದೆ ಬರಬೇಕಾಗುತ್ತದೆ. ಮೂರನೇ ದಿನದಿಂದ ದಾರಿ ತೋರಿಸುವ ಕೆಲಸ ಅವರಿಗೇ ಕೊಡಿ. ಎರಡು ಸಲ ತಪ್ಪು ತಿರುವು ಹಿಡಿಯುತ್ತಾರೆ, ಹಿಡಿಯಲಿ. ಹೊಸಬರು ನೀವಾಗಿದ್ದರೆ ಮೊದಲ ವಾರ ಏನನ್ನೂ ಬದಲಿಸಲು ಹೋಗದೆ, ಯಾಕೆ ಹೀಗೆ ಮಾಡುತ್ತೀರಿ ಎಂದು ಕೇಳುತ್ತಾ ಬನ್ನಿ. ಇಬ್ಬರೂ ಹೊಸಬರಾಗಿ ಬಂದಿಳಿದರೆ ಭೇಟಿಯಾದವರ ವಿವರ ಬರೆದಿಡುವ ಪ್ರೀಚ್ ಮೈ ಗಾಸ್ಪೆಲ್ ಆ್ಯಪ್‌ನಲ್ಲಿರುವ (ಇದರ ಹಿಂದಿನ ಹೆಸರು ಏರಿಯಾ ಬುಕ್) ಹೆಸರುಗಳನ್ನು ಮೊದಲ ಬೆಳಗ್ಗೆಯೇ ಕೂತು ಓದಿ, ಸ್ಥಳೀಯ ಚರ್ಚ್ ನಾಯಕರನ್ನು ಆ ವಾರವೇ ಕಾಣಿ.

ಬಾಗಿಲ ಮುಂದೆ

ಹೊಸ ಮಿಷನರಿಯ ತರಬೇತಿ ಮೊದಲ 12 ವಾರ, ಅಂದರೆ ಎರಡು ಟ್ರಾನ್ಸ್‌ಫರ್. ಹೊಸ ಭಾಷೆಯ ನಾಡಿನಲ್ಲಿ ಈ ಅವಧಿ ಇಬ್ಬರನ್ನೂ ಅರೆಯುತ್ತದೆ. ಬಾಗಿಲು ತೆರೆಯಿತು, ಹೊಸಬರು ನಮಸ್ಕಾರ ಹೇಳಿದರು, ಹೆಸರು ಹೇಳಿದರು, ಮೂರನೇ ವಾಕ್ಯದ ನಡುವೆ ಕ್ರಿಯಾಪದ ಸಿಗದೆ ನಿಂತರು. ಎದುರಿನ ಹೆಂಗಸು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಕಾಯುತ್ತಿದ್ದಾರೆ. ತರಬೇತಿ ಕೊಡುವ ಜೊತೆಗಾರರು, ಅಂದರೆ ಟ್ರೈನರ್, ತಕ್ಷಣ ಬಾಯಿ ಹಾಕಿದರೆ ಆ ಭೇಟಿ ಉಳಿಯಬಹುದು, ಆದರೆ ಮುಂದಿನ ಹತ್ತು ಬಾಗಿಲಲ್ಲೂ ಹೊಸಬರು ಮೂರನೇ ವಾಕ್ಯದಲ್ಲೇ ನಿಂತು ಪಕ್ಕಕ್ಕೆ ತಿರುಗಿ ನೋಡುತ್ತಾರೆ. ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ಆಗಲೂ ಬರದಿದ್ದರೆ ತಡೆದ ಆ ಒಂದೇ ಪದವನ್ನು ಮೆಲ್ಲಗೆ ಕೊಡಿ, ವಾಕ್ಯವನ್ನು ಅವರೇ ಮುಗಿಸಲಿ.

ಕೆಲಸವನ್ನು ಹೊರಡುವ ಮೊದಲೇ ಹಂಚಿಕೊಳ್ಳಿ: ಯಾರು ಶುರು ಮಾಡುತ್ತಾರೆ, ಯಾವ ಭಾಗ ಯಾರದು, ಪ್ರಾರ್ಥನೆ ಯಾರದು. ಒಬ್ಬರೇ ಒಂದೇ ಉಸಿರಿಗೆ ಎರಡು ಮೂರು ನಿಮಿಷ ಮೀರಿ ಮಾತಾಡದಿರುವುದು ಒಳ್ಳೆಯ ಅಳತೆ. ಮಾತು ದಾಟಿಸಲು ಒಂದು ಗುರುತು ಇರಲಿ. ಮಾತು ಮುಗಿಸಿ ಜೊತೆಗಾರರ ಕಡೆ ತಿರುಗುವುದು ಸಾಕು. ಭಾಷೆ ಬಾರದವರಿಗೆ ಮೊದಲ ವಾರ ಪ್ರಾರ್ಥನೆ ಮತ್ತು ಸಾಕ್ಷಿ (ತಮ್ಮ ನಂಬಿಕೆಯನ್ನು ಹೇಳಿಕೊಳ್ಳುವುದು), ಎರಡನೇ ವಾರ ಪರಿಚಯದ ಮಾತು, ಮೂರನೇ ವಾರದಿಂದ ಪಾಠದ ಒಂದು ಅಂಶ ಎಂದು ಏರಿಸುತ್ತಾ ಹೋಗಿ. ಬರೀ ಪಕ್ಕದಲ್ಲಿ ನಿಂತು ನಗುವ ಕೆಲಸ ಕೊಟ್ಟರೆ ಆರು ವಾರದಲ್ಲಿ ಅವರು ಮೂಕರಾಗುತ್ತಾರೆ.

ಜೊತೆಗಾರರು ಆ ದೇಶದವರೇ ಆಗಿದ್ದರೆ ಅದು ದೊಡ್ಡ ಭಾಗ್ಯ, ಆದರೆ ಅವರೇನು ನಿಮ್ಮ ನಿಘಂಟಲ್ಲ. ದಿನಕ್ಕೊಂದೇ ಬಗೆಯ ತಪ್ಪು ತಿದ್ದಲು ಕೇಳಿಕೊಳ್ಳಿ. ಇವತ್ತು ಉಚ್ಚಾರ, ನಾಳೆ ಕಾಲಸೂಚಕ. ಗೇಟು ದಾಟಿ ಬಂದ ಮೇಲೆ ತಿದ್ದಲಿ, ಜನರ ಮುಂದೆ ಬೇಡ. ಜೇಬಿನ ಪುಸ್ತಕದಲ್ಲಿ ಬರೆದುಕೊಂಡರೆ ಅದೇ ಪದವನ್ನು ನಾಲ್ಕನೇ ಸಲ ಕೇಳಿ ಅವರ ತಾಳ್ಮೆ ಪರೀಕ್ಷಿಸುವುದು ತಪ್ಪುತ್ತದೆ. ಇಡೀ ದಿನ ನಿಮಗಾಗಿ ನಿಧಾನಕ್ಕೆ ಮಾತಾಡಿ ಅವರಿಗೂ ನಾಲಿಗೆ ಸೋತಿರುತ್ತದೆ.

ವಾರದ ಲೆಕ್ಕ

ವಾರದ ಯೋಜನೆಯ ಕೊನೆಗೆ ಜೋಡಿಗಳು ಕಂಪ್ಯಾನಿಯನ್‌ಷಿಪ್ ಇನ್ವೆಂಟರಿ ಮಾಡಬೇಕು, ಅಂದರೆ ತಮ್ಮಿಬ್ಬರ ಹೊಂದಾಣಿಕೆ ಹೇಗಿದೆ ಎಂದು ಕೂತು ಮಾತಾಡಬೇಕು. ಇದು ಕೆಡುವುದು ಎರಡು ಬಗೆಯಲ್ಲಿ. "ಎಲ್ಲ ಚೆನ್ನಾಗಿದೆ ಅಲ್ವಾ?", "ಹೂಂ" ಎಂದು ಅರ್ಧ ನಿಮಿಷದಲ್ಲಿ ಮುಗಿಸುವುದು ಒಂದು. ವಾರವಿಡೀ ಕೂಡಿಟ್ಟ ದೂರುಗಳ ಮೂಟೆ ಬಿಚ್ಚುವುದು ಇನ್ನೊಂದು. ಇಪ್ಪತ್ತು ನಿಮಿಷ ಮೀಸಲಿಡಿ. ಮೊದಲು ಆ ವಾರ ಅವರು ಮಾಡಿದ, ನಿಮಗೆ ಹಿಡಿಸಿದ ಒಂದು ಕೆಲಸವನ್ನು ದಿನ, ಜಾಗ ಸಮೇತ ಹೇಳಿ. ಆಮೇಲೆ ಒಬ್ಬೊಬ್ಬರಿಂದ ಒಂದೇ ಒಂದು ಕೋರಿಕೆ. "ನೀವು ಯಾವಾಗಲೂ ತಡ ಮಾಡುತ್ತೀರಿ" ಎಂದರೆ ಅವರು ಬೇಗ ಹೊರಟ ಆ ಎರಡು ದಿನಗಳನ್ನು ಎತ್ತಿ ತೋರಿಸುತ್ತಾರೆ, ಮಾತು ಅಲ್ಲಿಗೆ ಮುಗಿಯಿತು. "ಮಂಗಳವಾರ, ಗುರುವಾರ ಹತ್ತೂ ಕಾಲಾದರೂ ಹೊರಟಿರಲಿಲ್ಲ. ನಾಳೆಯಿಂದ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಶೂ ಹಾಕಿಕೊಂಡಿರೋಣವೇ?" ಎಂದರೆ ಹೂಂ ಅಥವಾ ಉಹೂಂ ಅನ್ನಲೇಬೇಕು. ಕೇಳಿಸಿಕೊಂಡವರು ಸಮರ್ಥನೆಗೆ ಇಳಿಯುವ ಮೊದಲು ಕೇಳಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಲಿ. ಮುಂದಿನ ವಾರಕ್ಕೆ ಇಬ್ಬರ ಒಂದು ಗುರಿ, ಆಮೇಲೆ ಮೊಣಕಾಲೂರಿ ಪ್ರಾರ್ಥನೆ. ಹಸಿವಿನಲ್ಲೋ ರಾತ್ರಿ ಹತ್ತು ಗಂಟೆಗೋ ಇದನ್ನು ಮಾಡಬೇಡಿ.

ಯಾರಾದರೂ ನೋಯಿಸಿದರೆ ಮೊದಲು ಅವರೊಬ್ಬರ ಹತ್ತಿರವೇ ಮಾತಾಡಬೇಕೆಂಬುದು ಈ ಚರ್ಚ್‌ನ ಧರ್ಮಗ್ರಂಥಗಳಲ್ಲೊಂದಾದ ಡಾಕ್ಟ್ರಿನ್ ಅಂಡ್ ಕವನೆಂಟ್ಸ್‌ನ 42ನೇ ಭಾಗದ 88ನೇ ವಚನ. ಬೇರೆ ಎಲ್ಡರ್‌ಗಳ ಮುಂದೆ, ಮನೆಗೆ ಮಾಡುವ ವಾರದ ವಿಡಿಯೋ ಕರೆಯಲ್ಲಿ ದೂರು ಹರಡಿ, ಕೊನೆಗೆ ಅವರಿಗೆ ಹೇಳಿದರೆ ಅದು ಅಷ್ಟರಲ್ಲೇ ಅವರ ಕಿವಿಗೆ ಬಿದ್ದಿರುತ್ತದೆ.

ಜೊತೆಯಲ್ಲೇ ಇದ್ದು ಏಕಾಂತ

ಒಬ್ಬರೇ ಇದ್ದು ಸುಧಾರಿಸಿಕೊಳ್ಳುವ ಸ್ವಭಾವದವರಿಗೆ ಇದೇ ಎಲ್ಲಕ್ಕಿಂತ ಕಠಿಣ. ನಿಯಮ ಮುರಿಯದೆಯೇ ದಾರಿಗಳಿವೆ. ಓದುವ ಮೇಜುಗಳನ್ನು ಎದುರುಬದುರು ಇಡದೆ ಬೆನ್ನಿಗೆ ಬೆನ್ನು ಬರುವಂತೆ ತಿರುಗಿಸಿ. ಊಟದ ಮೇಲೆ ಇಪ್ಪತ್ತು ನಿಮಿಷ ಮಾತಿಲ್ಲದ ಹೊತ್ತು ಎಂದು ಮೊದಲೇ ಒಪ್ಪಿಕೊಳ್ಳಿ. ಒಪ್ಪಂದವಿದ್ದರೆ ಆ ಮೌನ ಮುನಿಸಿನಂತೆ ಕಾಣುವುದಿಲ್ಲ. ರಾತ್ರಿ ಡೈರಿ ಬರೆಯುವಾಗ ಕರೆಯದಿರುವುದು ಒಂದು ಮರ್ಯಾದೆ. ಅವರು ಮನೆಯವರ ಜೊತೆ ವಿಡಿಯೋ ಕರೆಯಲ್ಲಿ ಅಳುತ್ತಿದ್ದರೆ ಅದೇ ಕೋಣೆಯಲ್ಲಿ ಬಟ್ಟೆ ಮಡಚುತ್ತಾ ಇರಿ, ಆಮೇಲೆ ಅವರಾಗಿ ಹೇಳಿದರೆ ಕೇಳಿ.

ಮಿಷನರಿಗಳಿಗೆ ಕೊಡುವ ಕೈಪಿಡಿಯೊಂದರಲ್ಲಿ ಒತ್ತಡವನ್ನು ಹಸಿರು, ಹಳದಿ, ಕಿತ್ತಳೆ, ಕೆಂಪು ಎಂದು ನಾಲ್ಕು ಮಟ್ಟ ಮಾಡಿದ್ದಾರೆ. ಇದನ್ನು ದಿನದ ಮಾತಾಗಿ ಬಳಸಿ. ಬೆಳಗ್ಗೆ "ಇವತ್ತು ಹಳದಿ" ಎಂದರೆ ಸಾಕು, ಪರಭಾಷೆಯಲ್ಲಿ ಮನಸ್ಸನ್ನು ವಿವರಿಸುವ ಕಷ್ಟ ತಪ್ಪುತ್ತದೆ. ಎರಡು ದಿನ ಕಿತ್ತಳೆ ಎಂದರೆ ಯೋಜನೆ ತುಸು ಸಡಿಲಿಸಿ, ವ್ಯಾಯಾಮ ಮತ್ತು ನಿದ್ದೆ ಕಾಪಾಡಿ.

ಯಾವಾಗ ಮೇಲೆ ಹೇಳಬೇಕು

ಅಭ್ಯಾಸಗಳ ಜಗಳವನ್ನು ನೀವೇ ಬಗೆಹರಿಸಿ. ಎರಡು ವಾರ ಪ್ರಯತ್ನಿಸಿಯೂ ಆಗದಿದ್ದರೆ ಸುತ್ತಲಿನ ಕೆಲವು ಜೋಡಿಗಳನ್ನು ನೋಡಿಕೊಳ್ಳುವ ಡಿಸ್ಟ್ರಿಕ್ಟ್ ಲೀಡರ್ ಬಳಿ, ಸಿಸ್ಟರ್‌ಗಳಾದರೆ ಸಿಸ್ಟರ್ ಟ್ರೈನಿಂಗ್ ಲೀಡರ್ ಬಳಿ ಎಕ್ಸ್‌ಚೇಂಜ್ ಕೇಳಿ. ಒಂದು ದಿನ ಬೇರೊಬ್ಬರ ಜೊತೆ ದುಡಿದು ಬಂದರೆ ತಪ್ಪು ಯಾರದೆಂದು ಕೆಲವೊಮ್ಮೆ ನಿಮಗೇ ಕಾಣುತ್ತದೆ. ಪ್ರೆಸಿಡೆಂಟ್‌ಗೆ ಬರೆಯುವ ವಾರದ ಪತ್ರ ಅವರಿಗೇ ಹೋಗುವುದು. ಅದರಲ್ಲಿ ನಡೆದದ್ದನ್ನು ನಡೆದಂತೆ ಬರೆಯಿರಿ, ನಿಮ್ಮ ಪಾಲಿನ ತಪ್ಪನ್ನೂ ಸೇರಿಸಿ.

ಇನ್ನು ಕೆಲವಕ್ಕೆ ಕಾಯಲೇಬಾರದು. ಹೊಡೆತ, ಬೆದರಿಕೆ, ಲೈಂಗಿಕ ಕಿರುಕುಳ, ನಿಮ್ಮನ್ನು ಒಂಟಿಯಾಗಿ ಬಿಟ್ಟು ಹೋಗುವುದು, ಸಾಯುವ ಮಾತು, ದಿನಗಟ್ಟಲೆ ಊಟ ಬಿಟ್ಟು ಹಾಸಿಗೆಯಿಂದ ಏಳದಿರುವುದು. ಇವುಗಳಲ್ಲಿ ಯಾವುದಾದರೂ ಸರಿ, ಅವತ್ತೇ ಮಿಷನ್ ಪ್ರೆಸಿಡೆಂಟ್‌ಗೋ ಅವರ ಪತ್ನಿಗೋ ಫೋನ್ ಮಾಡಿ. ಜೀವಕ್ಕೆ ಅಪಾಯವಿದ್ದರೆ ಮೊದಲು ಆ ದೇಶದ ತುರ್ತು ಸೇವೆಗೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ, ಕೊಟ್ಟಿದ್ದರೆ ಮುರಿಯಿರಿ. ಸಾಯುವ ಮಾತಾಡಿದವರನ್ನು ಸಹಾಯ ಬರುವವರೆಗೆ ಒಂಟಿಯಾಗಿ ಬಿಡಬೇಡಿ. ನಿಷ್ಠೆಯ ಹೆಸರಲ್ಲಿ ಸುಮ್ಮನಿದ್ದವರು ಆಮೇಲೆ ಪಡುವ ಸಂಕಟ ಬಹಳ ದೊಡ್ಡದು.

ಹೊರಡುವ ವಾರ

ಟ್ರಾನ್ಸ್‌ಫರ್ ಸುದ್ದಿ ಬಂದ ಕೂಡಲೇ ಹಂಚಿಕೊಂಡ ಖರ್ಚಿನ ಲೆಕ್ಕ ಪೂರ್ತಿ ತೀರಿಸಿ. ಪ್ರೀಚ್ ಮೈ ಗಾಸ್ಪೆಲ್ ಆ್ಯಪ್‌ನಲ್ಲಿ ಪ್ರತಿ ಹೆಸರಿನ ಎದುರು ಕೊನೆಯ ಭೇಟಿಯ ಮಾತು, ಮುಂದಿನ ಭೇಟಿಯ ಹೊತ್ತು, ಯಾವ ಮನೆಯ ಕರೆಗಂಟೆ ಕೆಟ್ಟಿದೆ, ಯಾವ ಅಜ್ಜನಿಗೆ ಎಡಗಿವಿ ಕೇಳುವುದಿಲ್ಲ, ಇಷ್ಟು ಬರೆದಿಡಿ. ಜೊತೆಗಾರರ ಬಗ್ಗೆ ಮಾತ್ರ ಮುಂದೆ ಬರುವವರಿಗೆ ಏನೂ ಹೇಳಿ ಕಳಿಸಬೇಡಿ. ಉಳಿಯುವವರು ನೀವಾದರೆ ಹೊಸಬರು ಬರುವ ಹಿಂದಿನ ರಾತ್ರಿ ಅಲಮಾರಿಯ ಅರ್ಧ, ಫ್ರಿಜ್‌ನ ಒಂದು ಶೆಲ್ಫ್, ಓದುವ ಮೇಜಿನ ಎರಡು ಖಾನೆ ಖಾಲಿ ಮಾಡಿ ಒರೆಸಿಡಿ. ಮಂಚಕ್ಕೆ ಒಗೆದ ಹಾಸು ಹಾಕಿ. ಅವರು ಬ್ಯಾಗು ಹಿಡಿದು ಒಳಗೆ ಬಂದಾಗ ಅದನ್ನು ಎಲ್ಲಿ ಇಡಲಿ ಎಂದು ನಿಮ್ಮನ್ನು ಕೇಳುವ ಹಾಗಾಗಬಾರದು.