ಪ್ರಾಕ್ಟಿಕಲ್ ಶೂಟಿಂಗ್ ಶುರು ಮಾಡೋರಿಗೆ: ಯಾವ ಪಿಸ್ತೂಲ್, ಯಾವ ರೀಲೋಡಿಂಗ್ ಪ್ರೆಸ್, ಯಾವುದು ಮೊದಲು

ಅಮೆರಿಕದಲ್ಲಿ ಇರೋ ನಮ್ಮವರು ಯಾರಾದ್ರೂ ಯುಎಸ್‌ಪಿಎಸ್‌ಎ (ಓಡ್ತಾ ಪಿಸ್ತೂಲ್ ಹೊಡಿಯೋ ಪ್ರಾಕ್ಟಿಕಲ್ ಶೂಟಿಂಗ್ ಆಟದ ಸಂಸ್ಥೆ) ಮ್ಯಾಚ್ ನೋಡ್ಕೊಂಡು ಬಂದ್ರೆ ಮೊದಲು ಕೇಳೋ ಪ್ರಶ್ನೆ ಒಂದೇ, ಯಾವ ಗನ್ ತಗೊಳ್ಳಲಿ ಅಂತ. ನಾನು ತಿರುಗಿ ಕೇಳೋದು, ತಿಂಗಳಿಗೆ ಎಷ್ಟು ಗುಂಡು ಹೊಡಿತೀರ? ಇದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಟ್ಕೊಂಡ್ರೆ ಗನ್, ಕ್ಯಾಲಿಬರ್ (ಗುಂಡಿನ ಅಳತೆ), ಪ್ರೆಸ್ (ಮನೇಲಿ ಗುಂಡು ಮಾಡೋ ಯಂತ್ರ) ಎಲ್ಲಾ ಹೆಚ್ಚು ಕಮ್ಮಿ ತಾನಾಗೇ ತೀರ್ಮಾನ ಆಗುತ್ತೆ. ಉಲ್ಟಾ ಮಾಡಿದ್ರೆ, ಅಂದ್ರೆ ಮೊದಲು ಚೆಂದದ ಗನ್ ತಗೊಂಡು ಆಮೇಲೆ ಗುಂಡಿನ ಖರ್ಚು ನೋಡಿದ್ರೆ, ಆ ಗನ್ ಬೀರುವಿನಲ್ಲೇ ಕೂತಿರುತ್ತೆ.

ಗನ್ ವಿಷಯಕ್ಕೆ ಹೋಗೋ ಮುಂಚೆ ಕಾನೂನು. ಎಚ್-1ಬಿ, ಎಲ್-1, ಎಫ್-1 ತರದ ವೀಸಾದಲ್ಲಿ ಇರೋರು ಫೆಡರಲ್ ಕಾನೂನು ಪ್ರಕಾರ ಸಾಮಾನ್ಯವಾಗಿ ಗನ್ ಆಗಲಿ ಗುಂಡಾಗಲಿ ಇಟ್ಕೊಳ್ಳೋ ಹಾಗಿಲ್ಲ, ಕೆಲವು ವಿನಾಯಿತಿ ಇದೆ, ರಾಜ್ಯದ ಹಂಟಿಂಗ್ ಲೈಸೆನ್ಸ್ ಅದ್ರಲ್ಲಿ ಒಂದು. ರೇಂಜ್‌ನಲ್ಲಿ ಬಾಡಿಗೆಗೆ ತಗೊಳ್ಳೋದು, ಫ್ರೆಂಡ್ ಗನ್ ಕೈಗೆ ತಗೊಳ್ಳೋದು, ಇದಕ್ಕೂ ಅದೇ ಕಾನೂನು, ಹಾಗಾಗಿ "ಒಂದ್ಸಲ ಟ್ರೈ ಮಾಡ್ತೀನಿ ಅಷ್ಟೇ" ಅನ್ನೋದು ಇಲ್ಲಿ ನಡೆಯಲ್ಲ, ಇದ್ರಲ್ಲಿ ಸಿಕ್ಕಿಹಾಕ್ಕೊಂಡ್ರೆ ವೀಸಾ, ಗ್ರೀನ್ ಕಾರ್ಡ್ ಎಲ್ಲಕ್ಕೂ ಕುತ್ತು, ದಯವಿಟ್ಟು ಮೊದಲು ವಕೀಲರನ್ನ ಕೇಳಿ. ಗ್ರೀನ್ ಕಾರ್ಡ್ ಇದ್ರೆ ಈ ನಿರ್ಬಂಧ ಇಲ್ಲ. ಆಮೇಲೆ ರಾಜ್ಯದ್ದು ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಹ್ಯಾಂಡ್‌ಗನ್ ರೋಸ್ಟರ್ ಇದೆ, ಆ ಪಟ್ಟಿಯಲ್ಲಿ ಇಲ್ಲದ ಹೊಸ ಪಿಸ್ತೂಲ್ ಅಂಗಡಿಯವರು ನಿಮಗೆ ಮಾರೋ ಹಾಗಿಲ್ಲ, ಮ್ಯಾಗಜೀನ್‌ಗೆ 10 ರೌಂಡ್ ಮಿತಿ, 2019ರಿಂದ ಗುಂಡು ತಗೊಳ್ಳೋಕೂ ಬ್ಯಾಕ್‌ಗ್ರೌಂಡ್ ಚೆಕ್. ಟೆಕ್ಸಸ್‌ನಲ್ಲಿ ಇರೋರಿಗೆ ಈ ಯಾವ ತಲೆನೋವೂ ಇಲ್ಲ. ಮುಂದೆ ಊರಿಗೆ ವಾಪಸ್ ಹೋಗೋ ಯೋಚನೆ ಇರೋರು ಇದೂ ತಿಳ್ಕೊಂಡಿರಿ, ಭಾರತದಲ್ಲಿ 9 ಎಂಎಂ ಪಿಸ್ತೂಲು ಪ್ರೊಹಿಬಿಟೆಡ್ ಬೋರ್, ಸಾಮಾನ್ಯ ಲೈಸೆನ್ಸ್‌ಗೆ ಸಿಗಲ್ಲ.

ಆಟ ಗೊತ್ತಿಲ್ಲದೋರಿಗೆ ಎರಡು ಮಾತು. ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ ಐಪಿಎಸ್‌ಸಿ ಶುರುವಾಗಿದ್ದು 1976ರಲ್ಲಿ, ಮಿಸ್ಸೌರಿಯ ಕೊಲಂಬಿಯಾದಲ್ಲಿ, ಮೊದಲ ಅಧ್ಯಕ್ಷ ಜೆಫ್ ಕೂಪರ್. ಅದರ ಅಮೆರಿಕದ ಶಾಖೆಯಾಗಿ ಯುಎಸ್‌ಪಿಎಸ್‌ಎ ಬಂದಿದ್ದು 1984ರಲ್ಲಿ. ಕೊಡಗಿನ ಕಡೆಯವರು ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಟ್ಟು ಬೆಳೆದಿರ್ತಾರೆ, ಅದು ನಿಂತು, ಉಸಿರು ಹಿಡಿದು, ಒಂದೇ ಗುಂಡಿನ ಆಟ. ಇಲ್ಲಿ ಓಡ್ತಾ, ಗೋಡೆ ಪಕ್ಕದಿಂದ ಬಗ್ಗಿ, ಮ್ಯಾಗಜೀನ್ ಬದಲಾಯಿಸ್ತಾ ಹೊಡೀಬೇಕು, ಒಂದು ಸ್ಟೇಜ್‌ಗೆ, ಅಂದ್ರೆ ಮ್ಯಾಚ್‌ನ ಒಂದು ಸುತ್ತಿಗೆ, 32 ರೌಂಡ್ ತನಕ ಬೇಕಾಗುತ್ತೆ. ಸಿಕ್ಕ ಪಾಯಿಂಟ್‌ನ ತಗೊಂಡ ಸೆಕೆಂಡಿಂದ ಭಾಗಿಸಿದ್ರೆ ಬರೋದೇ ಹಿಟ್ ಫ್ಯಾಕ್ಟರ್, ಅದೇ ನಿಮ್ಮ ಸ್ಕೋರ್. ಗುರಿ ಹಲಗೆಯಲ್ಲಿ ಭಾಗಗಳಿರುತ್ತೆ, ನಡುವಿನ ಎ ಜೋನ್‌ಗೆ 5 ಪಾಯಿಂಟ್. ಸಿ ಜೋನ್‌ಗೆ ಮೇಜರ್ ಆದ್ರೆ 4, ಮೈನರ್ ಆದ್ರೆ 3. ಡಿ ಜೋನ್‌ಗೆ 2 ಅಥವಾ 1. ಮಿಸ್ ಆದ್ರೆ 10 ಪಾಯಿಂಟ್ ಹೋಯ್ತು.

ಮೇಜರ್, ಮೈನರ್ ಅಂದ್ರೆ ಪವರ್ ಫ್ಯಾಕ್ಟರ್, ನಿಮ್ಮ ಗುಂಡು ಎಷ್ಟು ಜೋರು ಅನ್ನೋ ಲೆಕ್ಕ. ಬುಲೆಟ್ (ಗುಂಡಿನಿಂದ ಹಾರಿಹೋಗೋ ತುದಿ ಭಾಗ ಮಾತ್ರ) ತೂಕ ಗ್ರೇನ್ ಅನ್ನೋ ಅಳತೆಯಲ್ಲಿ, ವೇಗ ಸೆಕೆಂಡಿಗೆ ಇಷ್ಟು ಅಡಿ ಅಂತ, ಎರಡನ್ನೂ ಗುಣಿಸಿ 1000ದಿಂದ ಭಾಗಿಸಿ. 125 ಬಂದ್ರೆ ಮೈನರ್, 165 ಬಂದ್ರೆ ಮೇಜರ್. 147 ಗ್ರೇನ್ ಬುಲೆಟ್ 890 ಅಡಿಯಲ್ಲಿ ಹೋದ್ರೆ 130.8 ಬರುತ್ತೆ, ಮೈನರ್‌ಗೆ ಸಾಕು. ಈ ಲೆಕ್ಕ ನೆನಪಿಟ್ಕೊಳ್ಳಿ, ರೀಲೋಡಿಂಗ್ ಹತ್ರ ಮತ್ತೆ ಬೇಕಾಗುತ್ತೆ.

ಈಗ ಡಿವಿಷನ್, ಅಂದ್ರೆ ಗನ್ ಯಾವ ತರದ್ದು ಅನ್ನೋದ್ರ ಮೇಲೆ ಮಾಡಿರೋ ಸ್ಪರ್ಧೆಯ ವಿಭಾಗ. ಹೊಸಬರಿಗೆ ನಾನು ಹೇಳೋದು ಕ್ಯಾರಿ ಆಪ್ಟಿಕ್ಸ್, 9 ಎಂಎಂ, ಬೇರೆ ಮಾತೇ ಇಲ್ಲ. ಯಾಕಂದ್ರೆ ಅಲ್ಲಿ ಎಲ್ಲರಿಗೂ ಮೈನರ್ ಸ್ಕೋರಿಂಗೇ, ಹಾಗಾಗಿ ಮೇಜರ್‌ಗೋಸ್ಕರ .40 ಕ್ಯಾಲಿಬರ್ ಹಿಂದೆ ಹೋಗೋ ಅವಶ್ಯಕತೆ ಇಲ್ಲ, ರೆಡ್ ಡಾಟ್ (ಗುರಿ ಇಡೋಕೆ ಗಾಜಿನಲ್ಲಿ ಚುಕ್ಕಿ ತೋರಿಸೋ ಸೈಟ್) ಇರೋದ್ರಿಂದ ನಲವತ್ತು ದಾಟಿದ ಕಣ್ಣಿಗೂ ಕಷ್ಟ ಇಲ್ಲ, 9 ಎಂಎಂ ಅಗ್ಗ, ಬ್ರಾಸ್ (ಹೊಡೆದ ಗುಂಡಿನ ಖಾಲಿ ಹಿತ್ತಾಳೆ ಕೇಸ್) ರೇಂಜ್‌ನಲ್ಲಿ ಬೇಕಾದಷ್ಟು ಬಿದ್ದಿರುತ್ತೆ. ಓಪನ್ ಡಿವಿಷನ್ ನೋಡೋಕೆ ಮಜಾ, ಕಾಂಪೆನ್ಸೇಟರ್ (ಗನ್ ಮೇಲೆ ಎಗರೋದನ್ನ ಕಮ್ಮಿ ಮಾಡೋ ಭಾಗ), ಉದ್ದ ಮ್ಯಾಗಜೀನ್ ಎಲ್ಲಾ ಇರುತ್ತೆ, ಆದ್ರೆ ಗನ್ನೂ ದುಬಾರಿ, ಗುಂಡೂ ದುಬಾರಿ, ಕೆಟ್ಟು ನಿಂತಾಗ ಸರಿ ಮಾಡೋಕೆ ಗನ್‌ಸ್ಮಿತ್ ಬೇಕು. ಅದು ಮೊದಲನೇ ವರ್ಷದ ಡಿವಿಷನ್ ಅಲ್ಲ. ಲಿಮಿಟೆಡ್ ಆಪ್ಟಿಕ್ಸ್ ಇದ್ಯಲ್ಲ, ಅದು 2011 ಅನ್ನೋ ಮಾದರಿ ತರದ ಸಿಂಗಲ್ ಆ್ಯಕ್ಷನ್ (ಹ್ಯಾಮರ್ ಮೊದಲೇ ಎಳೆದಿಟ್ಟಿರೋ) ಗನ್ ಇಷ್ಟ ಪಡೋರಿಗೆ ಒಳ್ಳೆ ಜಾಗ, ಅಲ್ಲೂ ಮೈನರ್ರೇ. 10 ರೌಂಡ್ ಮಿತಿ ಇರೋ ರಾಜ್ಯದವರು ಒಂದ್ಸಲ ಲೋಕಲ್ ಕ್ಲಬ್‌ಗೆ ಹೋಗಿ ಅಲ್ಲಿ ಜನ ಯಾವ ಡಿವಿಷನ್ ಆಡ್ತಾರೆ ನೋಡ್ಕೊಂಡು ಬನ್ನಿ.

ಗನ್‌ಗಳಲ್ಲಿ ಎರಡು ದಾರಿ. ಒಂದು ಪ್ಲಾಸ್ಟಿಕ್ ಫ್ರೇಮ್, ಸ್ಟ್ರೈಕರ್ (ಹೊರಗೆ ಹ್ಯಾಮರ್ ಇಲ್ಲದ್ದು): ಗ್ಲಾಕ್ 34 ಎಂಓಎಸ್, ವಾಲ್ಥರ್ ಪಿಡಿಪಿ, ಕಾನಿಕ್ ಇತ್ಯಾದಿ. ಹಗುರ, ಅಗ್ಗ, ಮ್ಯಾಗಜೀನ್ ಎಲ್ಲಾ ಕಡೆ ಸಿಗುತ್ತೆ, ಪಾರ್ಟ್ ಹೋದ್ರೆ ಮನೇಲೇ ಬದಲಾಯಿಸ್ಬಹುದು. ಎರಡನೇದು ಉಕ್ಕಿನ ಫ್ರೇಮ್: ಸಿಝಡ್ ಶ್ಯಾಡೋ 2, ಟಾನ್‌ಫೋಲಿಯೋ ಸ್ಟಾಕ್ 2 ತರದ್ದು. ಶ್ಯಾಡೋ 2 ಹತ್ರ ಹತ್ರ 1300 ಗ್ರಾಂ ತೂಗುತ್ತೆ, ಆ ತೂಕದಿಂದ ಗುಂಡು ಹಾರಿದಾಗ ಡಾಟ್ ಹೆಚ್ಚು ಕುಣಿಯಲ್ಲ, ಬೇಗ ವಾಪಸ್ ಬರುತ್ತೆ. ಆದ್ರೆ ಅದು ಡಬಲ್ ಆ್ಯಕ್ಷನ್, ಕ್ಯಾರಿ ಆಪ್ಟಿಕ್ಸ್‌ನಲ್ಲಿ ಹ್ಯಾಮರ್ (ಗನ್ ಹಿಂಭಾಗದ ಪುಟ್ಟ ಸುತ್ತಿಗೆ) ಇಳಿಸಿಯೇ ಶುರು ಮಾಡ್ಬೇಕು, ಮೊದಲ ಗುಂಡಿಗೆ ಟ್ರಿಗರ್ ಉದ್ದ, ಭಾರ, ಎರಡನೇದ್ರಿಂದ ಹಗುರ. ಚೇಂಬರ್‌ನಲ್ಲಿ ಗುಂಡು ಇರೋವಾಗ ಕೈಯಿಂದ ಹ್ಯಾಮರ್ ಇಳಿಸೋದು ಇದೆ ನೋಡಿ, ಅದನ್ನ ಮನೇಲಿ ಖಾಲಿ ಗನ್‌ನಲ್ಲಿ ಚೆನ್ನಾಗಿ ಕಲಿತು ಕೈ ಪಳಗಿದ ಮೇಲೇ ಮ್ಯಾಚ್‌ಗೆ ಹೋಗಿ, ಜಾರಿ ಗುಂಡು ಹಾರಿದ್ರೆ ಅಲ್ಲಿಗೇ ಡಿಸ್‌ಕ್ವಾಲಿಫೈ.

ನನ್ನ ಪ್ರಕಾರ ಯಾವುದು ಅಂದ್ರೆ, ತಿಂಗಳಿಗೆ 300 ಗುಂಡಿನ ಒಳಗೆ ಹೊಡಿಯೋರಿಗೆ ಗ್ಲಾಕ್ ತರದ್ದೇ ಸಾಕು, ಉಳಿದ ದುಡ್ಡು ಗುಂಡಿಗೆ ಹಾಕಿ. ಅದಕ್ಕಿಂತ ಹೆಚ್ಚು ಹೊಡಿಯೋರು, ಈ ಆಟ ಬಿಡಲ್ಲ ಅಂತ ಗ್ಯಾರಂಟಿ ಇರೋರು ಶ್ಯಾಡೋ 2 ಕಡೆ ನೋಡ್ಲಿ. ಎರಡನ್ನೂ ಕೈಯಲ್ಲಿ ಹಿಡಿದು ನೋಡದೆ ತಗೊಳ್ಬೇಡಿ, ಬೆರಳು ಚಿಕ್ಕದಿರೋರಿಗೆ ಡಬಲ್ ಆ್ಯಕ್ಷನ್ ಟ್ರಿಗರ್ ಎಟುಕೋದೇ ಕಷ್ಟ.

ಡಾಟ್ ವಿಷಯದಲ್ಲಿ ಕಿಟಕಿ ದೊಡ್ಡದಿರೋದು ತಗೊಳ್ಳಿ, ಟ್ರಿಜಿಕಾನ್ ಎಸ್‌ಆರ್‌ಓ, ಹೋಲೋಸನ್ 507 ಕಾಂಪ್ ತರದ್ದು. ಡಾಟ್ ಸೈಜ್ 5 ಎಂಓಎ ಅಥವಾ ಅದಕ್ಕಿಂತ ದೊಡ್ಡದಿದ್ರೆ ಓಡ್ತಾ ಇರೋವಾಗ ಬೇಗ ಕಣ್ಣಿಗೆ ಬೀಳುತ್ತೆ. ಸ್ಕ್ರೂಗೆ ಥ್ರೆಡ್ ಲಾಕರ್ ಹಾಕಿ, ಕಂಪನಿ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ, ಸ್ಕ್ರೂ ಮೇಲೆ ಪೇಂಟ್ ಪೆನ್‌ನಲ್ಲಿ ಗೆರೆ ಎಳೀರಿ, ಸಡಿಲ ಆದ್ರೆ ಗೆರೆ ತಪ್ಪಿರೋದು ತಕ್ಷಣ ಗೊತ್ತಾಗುತ್ತೆ. ಮ್ಯಾಗಜೀನ್ ಕನಿಷ್ಠ ಐದು ಬೇಕು, ಒಂದೊಂದಕ್ಕೂ ನಂಬರ್ ಬರೀರಿ, ಗನ್ ಪದೇ ಪದೇ ಜಾಮ್ ಆಗ್ತಾ ಇದ್ರೆ ಸಾಮಾನ್ಯವಾಗಿ ತಪ್ಪು ಒಂದು ಮ್ಯಾಗಜೀನ್‌ದ್ದೇ ಇರುತ್ತೆ. ಒಳಗೊಂದು ಹೊರಗೊಂದು ಇರೋ ವೆಲ್ಕ್ರೋ ಬೆಲ್ಟ್, ಕೈಡೆಕ್ಸ್ (ಗಟ್ಟಿ ಪ್ಲಾಸ್ಟಿಕ್) ಹೋಲ್‌ಸ್ಟರ್, ಎಲೆಕ್ಟ್ರಾನಿಕ್ ಇಯರ್ ಮಫ್, ಕನ್ನಡಕ, ಒಂದು ಶಾಟ್ ಟೈಮರ್. ಅಷ್ಟೇ.

ಇನ್ನು ರೀಲೋಡಿಂಗ್, ಅಂದ್ರೆ ಖಾಲಿ ಬ್ರಾಸ್‌ಗೆ ಹೊಸ ಪ್ರೈಮರ್ (ಪೌಡರ್‌ಗೆ ಬೆಂಕಿ ಹೊತ್ತಿಸೋ ಪುಟ್ಟ ಬಟ್ಟಲು), ಪೌಡರ್, ಬುಲೆಟ್ ಹಾಕಿ ಮನೇಲೇ ಗುಂಡು ಮಾಡೋದು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಮೊದಲ ಆರು ತಿಂಗಳು ಪ್ರೆಸ್ ತಗೊಳ್ಳೋದು ಬೇಡ. ಫ್ಯಾಕ್ಟರಿ ಗುಂಡೇ ಹೊಡೀರಿ, ಬ್ರಾಸ್ ಮಾತ್ರ ಎತ್ತಿಟ್ಕೊಳ್ಳಿ. ಲೆಕ್ಕ ಹೇಗೆ ಮಾಡೋದು ಅಂದ್ರೆ, ಒಂದು ಪೌಂಡ್ ಪೌಡರ್ ಅಂದ್ರೆ 7000 ಗ್ರೇನ್, ಒಂದು ಗುಂಡಿಗೆ ಸುಮಾರು 4 ಗ್ರೇನ್ ಅಂತ ಇಟ್ಕೊಂಡ್ರೆ 1750 ಗುಂಡು ಆಗುತ್ತೆ, ಹಾಗಾಗಿ ಪೌಡರ್ ಖರ್ಚು ದೊಡ್ಡದಲ್ಲ. ದೊಡ್ಡ ಖರ್ಚು ಬುಲೆಟ್, ಆಮೇಲೆ ಪ್ರೈಮರ್. ಸಾವಿರ ಬುಲೆಟ್, ಸಾವಿರ ಪ್ರೈಮರ್, ಪೌಡರ್ ಮೂರರ ಇವತ್ತಿನ ಬೆಲೆ ಕೂಡಿಸಿ, ಸಾವಿರ ಫ್ಯಾಕ್ಟರಿ ಗುಂಡಿನ ಬೆಲೆಯಿಂದ ಕಳೀರಿ, ಉಳಿದ ದುಡ್ಡಿಂದ ಪ್ರೆಸ್‌ನ ಬೆಲೆ ಭಾಗಿಸಿದ್ರೆ ಎಷ್ಟು ಸಾವಿರ ಗುಂಡಾದ ಮೇಲೆ ಹಾಕಿದ್ದು ವಾಪಸ್ ಬರುತ್ತೆ ಅಂತ ಗೊತ್ತಾಗುತ್ತೆ. ಪ್ರೈಮರ್, ಪೌಡರ್ ಆನ್‌ಲೈನ್ ತರಿಸಿದ್ರೆ ಹಜ್ಮ್ಯಾಟ್ (ಅಪಾಯಕಾರಿ ಸರಕಿನ) ಫೀಸ್ ಇರುತ್ತೆ, ನಾಲ್ಕು ಜನ ಸೇರಿ ಒಟ್ಟಿಗೆ ತರಿಸಿ. 9 ಎಂಎಂನಲ್ಲಿ ಉಳಿತಾಯ ಹೆಚ್ಚೇನಿಲ್ಲ ಅಂತ ಕೆಲವರು ಹೇಳೋದು ನಿಜಾನೇ, ಆದ್ರೆ ನಿಮ್ಮ ಗನ್‌ಗೆ ಸರಿಯಾಗಿ ಹೊಂದೋ ಒದೆತ ಕಮ್ಮಿ ಇರೋ 147 ಗ್ರೇನ್ ಗುಂಡು ವರ್ಷಪೂರ್ತಿ ಒಂದೇ ತರ ಸಿಗುತ್ತಲ್ಲ, ನಾನು ರೀಲೋಡಿಂಗ್ ಪರ ಮಾತಾಡೋದು ಅದಕ್ಕೇ.

ಪ್ರೆಸ್‌ಗಳಲ್ಲಿ ಸಿಂಗಲ್ ಸ್ಟೇಜ್ (ಒಂದ್ಸಲಕ್ಕೆ ಒಂದೇ ಕೆಲಸ ಮಾಡೋದು) ಕಲಿಯೋಕೆ ಒಳ್ಳೇದು, ಮ್ಯಾಚ್ ಶೂಟರ್‌ಗೆ ಸಾಲಲ್ಲ, ಗಂಟೆಗೆ ನೂರು ಗುಂಡು ಮಾಡೋದೇ ಕಷ್ಟ. ಪ್ರೋಗ್ರೆಸಿವ್ ಪ್ರೆಸ್‌ನಲ್ಲಿ ಒಂದ್ಸಲ ಹ್ಯಾಂಡಲ್ ಎಳೆದ್ರೆ ಎಲ್ಲಾ ಸ್ಟೇಷನ್‌ನಲ್ಲೂ ಒಟ್ಟಿಗೆ ಕೆಲಸ ಆಗಿ ಒಂದು ಗುಂಡು ಹೊರಗೆ ಬರುತ್ತೆ. ಡಿಲನ್ ಕಂಪನಿಯ ಆರ್‌ಎಲ್ 550ಯಲ್ಲಿ ನಾಲ್ಕು ಸ್ಟೇಷನ್, ಶೆಲ್‌ಪ್ಲೇಟ್ (ಕೇಸ್ ಹಿಡಿಯೋ ತಟ್ಟೆ) ಕೈಯಿಂದ ತಿರುಗಿಸ್ಬೇಕು. ಎಕ್ಸ್‌ಎಲ್ 750ಯಲ್ಲಿ ಐದು, ತಾನೇ ತಿರುಗುತ್ತೆ, ಕೇಸ್ ಫೀಡರ್ ಹಾಕಿದ್ರೆ ಇನ್ನೂ ವೇಗ. ಆರ್‌ಎಲ್ 1100 ಅದಕ್ಕೂ ಮೇಲೆ, ಕ್ರಿಂಪ್ ಇರೋ (ಪ್ರೈಮರ್ ಸುತ್ತ ಅಂಚು ಒತ್ತಿರೋ) ಮಿಲಿಟರಿ ಬ್ರಾಸ್‌ನ ಪ್ರೈಮರ್ ಪಾಕೆಟ್‌ನೂ ಅದೇ ಸರಿ ಮಾಡ್ಕೊಳ್ಳುತ್ತೆ. ಹಾರ್ನಡಿ, ಲೀ ಪ್ರೆಸ್‌ಗಳೂ ಇವೆ, ಲೀ ಅಗ್ಗ, ಆದ್ರೆ ಆಗಾಗ ಟ್ಯೂನ್ ಮಾಡೋ ತಾಳ್ಮೆ ಇರೋರು ಮಾತ್ರ ತಗೊಳ್ಳಿ. ತಿಂಗಳಿಗೆ 500ರ ಆಸುಪಾಸು ಆದ್ರೆ 550, ಸಾವಿರ ದಾಟಿದ್ರೆ 750, ಮನೇಲಿ ಇಬ್ಬರು ಶೂಟ್ ಮಾಡಿದ್ರೆ ಮಾತ್ರ 1100. ಡಿಲನ್‌ನ ಸ್ಕ್ವೇರ್ ಡೀಲ್ ಬಿ ಸೆಕೆಂಡ್ ಹ್ಯಾಂಡ್ ಅಗ್ಗಕ್ಕೆ ಸಿಕ್ಕಿದ್ರೂ ಯೋಚನೆ ಮಾಡಿ, ಅದಕ್ಕೆ ಅದರದ್ದೇ ಡೈ (ಪ್ರೆಸ್‌ಗೆ ಕೂರಿಸೋ ಅಚ್ಚು) ಬೇಕು, ಬೇರೆಯವರ ಡೈ ಕೂರಲ್ಲ.

ನಾನು 750 ಕಡೆ ವಾಲೋದಕ್ಕೆ ಕಾರಣ ವೇಗ ಅಲ್ಲ, ಆ ಹೆಚ್ಚಿನ ಒಂದು ಸ್ಟೇಷನ್. ಪೌಡರ್ ಬಿದ್ದ ಮೇಲೆ, ಬುಲೆಟ್ ಕೂರಿಸೋ ಮುಂಚೆ, ಅಲ್ಲಿ ಪೌಡರ್ ಚೆಕ್ ಅನ್ನೋ ಸಾಧನ ಹಾಕ್ಬಹುದು, ಪೌಡರ್ ತೀರಾ ಹೆಚ್ಚು ಕಮ್ಮಿ ಆದ್ರೆ ಕೂಗುತ್ತೆ. ರೀಲೋಡಿಂಗ್‌ನಲ್ಲಿ ಅಪಾಯ ಬರೋದು ಎರಡು ಕಡೆಯಿಂದ. ಒಂದು, ಎರಡು ಸಲ ಪೌಡರ್ ಬೀಳೋದು, ಅದು ಗನ್ನನ್ನೇ ಒಡೆದು ಹಾಕುತ್ತೆ. ಇನ್ನೊಂದು, ಪೌಡರ್ ಬೀಳದೇ ಇರೋದು, ಅದನ್ನ ಸ್ಕ್ವಿಬ್ ಅಂತಾರೆ, ಪ್ರೈಮರ್ ಶಕ್ತಿಗೆ ಬುಲೆಟ್ ಬ್ಯಾರಲ್ ಒಳಗೇ ಸಿಕ್ಕಿಕೊಂಡಿರುತ್ತೆ, ಅದರ ಹಿಂದೆ ಇನ್ನೊಂದು ಹೊಡೆದ್ರೆ ಬ್ಯಾರಲ್ ಹೋಯ್ತು, ಕೈಗೂ ಪೆಟ್ಟಾಗ್ಬಹುದು. "ಫಟ್" ಅಂತ ಸಣ್ಣ ಸದ್ದು ಬಂದ್ರೆ ಟೈಮರ್ ಓಡ್ತಾ ಇದ್ರೂ ನಿಲ್ಲಿಸಿ, ಆ ಸ್ಟೇಜ್ ಹೋದ್ರೆ ಹೋಗ್ಲಿ.

ಇದೇ ಕಾರಣಕ್ಕೆ ಹೊಸಬರು ಟೈಟ್‌ಗ್ರೂಪ್ ತರದ ಪೌಡರ್‌ನಿಂದ ಶುರು ಮಾಡ್ಬೇಡಿ ಅಂತೀನಿ. ಅದು ಬಹಳ ಕಮ್ಮಿ ಜಾಗ ಹಿಡಿಯುತ್ತೆ, ಎರಡು ಸಲ ಬಿದ್ರೂ ಕೇಸ್ ತುಂಬಿ ಚೆಲ್ಲಲ್ಲ, ಕಣ್ಣಿಗೆ ಗೊತ್ತಾಗಲ್ಲ. ವಿಹ್ತಾವೋರಿ ಎನ್320 ದುಬಾರಿ, ಆದ್ರೆ ಜಾಗ ಹೆಚ್ಚು ಹಿಡಿಯುತ್ತೆ, ಹೊಗೆ, ಮಸಿ ಕಮ್ಮಿ. ಎಷ್ಟು ಗ್ರೇನ್ ಹಾಕ್ಬೇಕು ಅಂತ ನಾನು ಹೇಳಲ್ಲ, ಇಂಟರ್ನೆಟ್‌ನಲ್ಲಿ ಯಾರು ಹೇಳಿದ್ರೂ ಕೇಳ್ಬೇಡಿ. ಪೌಡರ್ ಕಂಪನಿಯದ್ದೇ ಪ್ರಕಟವಾದ ಡೇಟಾ ನೋಡಿ, ಅದರಲ್ಲಿರೋ ಕನಿಷ್ಠ ಅಳತೆಯಿಂದ ಶುರು ಮಾಡಿ. ಬೆಂಚ್ ಮೇಲೆ ಬೆಳಕು ಜೋರಾಗಿರ್ಲಿ, ಬುಲೆಟ್ ಇಡೋ ಮುಂಚೆ ಪ್ರತಿ ಕೇಸ್ ಒಳಗೂ ಕಣ್ಣು ಹಾಯಿಸಿ. ಪ್ರೆಸ್ ಹತ್ರ ಕೂತಾಗ ಫೋನೂ ಬೇಡ, ಕ್ರಿಕೆಟ್ಟೂ ಬೇಡ, ಮಾತೂ ಬೇಡ.

ಸಣ್ಣ ಸಾಮಾನುಗಳಲ್ಲಿ ದುಡ್ಡು ಉಳಿಸೋಕೆ ಹೋಗ್ಬಾರದ್ದು ತಕ್ಕಡಿ, ಕ್ಯಾಲಿಪರ್ (ಉದ್ದ ಅಳೆಯೋಕೆ), ಕೇಸ್ ಗೇಜ್ (ಗುಂಡು ಸರಿಯಾಗಿ ಕೂರುತ್ತಾ ನೋಡೋಕೆ) ಮೂರು. 9 ಎಂಎಂಗೆ ಕಾರ್ಬೈಡ್ ಡೈ ತಗೊಳ್ಳಿ, ಲ್ಯೂಬ್ ಇಲ್ದೆ ನಡೆಯುತ್ತೆ, ಆದ್ರೂ ಚೂರು ಲ್ಯೂಬ್ ಹಾಕಿದ್ರೆ ಹ್ಯಾಂಡಲ್ ಬೆಣ್ಣೆ ತರ ಎಳೆಯುತ್ತೆ. ಸಿಝಡ್ ಇರೋರಿಗೆ ವಿಶೇಷವಾಗಿ ಒಂದು ಮಾತು, ಅದರ ಬ್ಯಾರಲ್‌ನ ಥ್ರೋಟ್ (ಗುಂಡಿನ ಮುಂದೆ ಬಿಟ್ಟಿರೋ ಜಾಗ) ಚಿಕ್ಕದು, ಬೇರೆ ಗನ್‌ನಲ್ಲಿ ಸಲೀಸಾಗಿ ಹೋಗೋ ಉದ್ದದ ಗುಂಡು ಇದ್ರಲ್ಲಿ ಸಿಕ್ಕಿಕೊಳ್ಳುತ್ತೆ. ಬ್ಯಾರಲ್ ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ಗುಂಡನ್ನ ಒಳಗೆ ಬಿಡಿ, ಟಣ್ ಅಂತ ಬಿದ್ದು ಸುಲಭವಾಗಿ ತಿರುಗ್ಬೇಕು, ತಲೆಕೆಳಗು ಮಾಡಿದ್ರೆ ತಾನೇ ಹೊರಗೆ ಬೀಳ್ಬೇಕು. ಗುಂಡು ಗಿಡ್ಡ ಆದಷ್ಟೂ ಒಳಗಿನ ಪ್ರೆಷರ್ ಏರುತ್ತೆ ಅನ್ನೋದು ನೆನಪಿರ್ಲಿ, ಉದ್ದ ಬದಲಾಯಿಸಿದ್ರೆ ಪೌಡರ್ ಮತ್ತೆ ಕೆಳಗಿಂದ ಶುರು.

ಬುಲೆಟ್ ವೇಗ ಅಳೆಯೋ ಕ್ರೋನೋಗ್ರಾಫ್ ಒಂದು ಬೇಕೇ ಬೇಕು, ಗಾರ್ಮಿನ್‌ನ ಚಿಕ್ಕದು ಬಂದ ಮೇಲೆ ಇದು ಬಹಳ ಸುಲಭ ಆಗಿದೆ, ಸ್ವಂತದ್ದು ಇಲ್ದಿದ್ರೆ ಕ್ಲಬ್‌ನಲ್ಲಿ ಯಾರ ಹತ್ರಾನಾದ್ರೂ ಇರುತ್ತೆ. ದೊಡ್ಡ ಮ್ಯಾಚ್‌ಗಳಲ್ಲಿ ನಿಮ್ಮ ಗುಂಡು ತಗೊಂಡು ತೂಕ, ವೇಗ ಅಳೀತಾರೆ, 125ಕ್ಕಿಂತ ಕೆಳಗೆ ಬಂದ್ರೆ ಆ ಮ್ಯಾಚ್‌ನಲ್ಲಿ ನಿಮಗೆ ಸ್ಕೋರೇ ಇಲ್ಲ. ಚಳಿಯಲ್ಲಿ ಕೆಲವು ಪೌಡರ್ ವೇಗ ಇಳಿಯುತ್ತೆ, ಹಾಗಾಗಿ 130ರ ಹತ್ರ ಇಟ್ಕೊಳ್ಳಿ.

ಸೀಸದ ವಿಷಯ ಮನೇಲಿ ಮಕ್ಕಳಿರೋರು ಗಂಭೀರವಾಗಿ ತಗೊಳ್ಳಿ. ಪ್ರೈಮರ್ ಸುಟ್ಟ ಮಸಿಯಲ್ಲಿ ಸೀಸ ಇರುತ್ತೆ, ಒಣ ಟಂಬ್ಲರ್ (ಬ್ರಾಸ್ ಉಜ್ಜಿ ಶುಚಿ ಮಾಡೋ ಯಂತ್ರ) ಧೂಳಲ್ಲೂ ಇರುತ್ತೆ. ಟಂಬ್ಲರ್ ಗ್ಯಾರೇಜ್‌ನಲ್ಲೂ ಅಲ್ಲ, ಹೊರಗಡೆ ಓಡಿಸಿ, ಇಲ್ಲಾಂದ್ರೆ ನೀರಲ್ಲಿ ತೊಳೆಯೋದೇ ತಗೊಳ್ಳಿ. ಬೆಂಚ್ ಹತ್ರ ಕಾಫಿ, ಚಕ್ಲಿ ಬೇಡ, ಎದ್ದ ತಕ್ಷಣ ತಣ್ಣೀರಲ್ಲಿ ಸೋಪ್ ಹಾಕಿ ಕೈ ತೊಳೀರಿ, ವರ್ಷಕ್ಕೊಮ್ಮೆ ರಕ್ತದಲ್ಲಿ ಸೀಸದ ಟೆಸ್ಟ್ ಮಾಡಿಸಿ. ಗನ್ ಬೀಗ ಹಾಕಿದ ಸೇಫ್‌ನಲ್ಲಿ. ಪ್ರೈಮರ್, ಪೌಡರ್ ಎರಡೂ ಕಂಪನಿಯ ಡಬ್ಬಿಯಲ್ಲೇ ಇರ್ಲಿ, ಬೇರೆ ಬಾಟ್ಲಿಗೆ ಸುರೀಬೇಡಿ. ಒಂದು ಸಮಯಕ್ಕೆ ಒಂದೇ ಪೌಡರ್ ಡಬ್ಬಿ ಬೆಂಚ್ ಮೇಲೆ, ಕೆಲಸ ಮುಗಿದ ಮೇಲೆ ಹಾಪರ್ (ಪ್ರೆಸ್ ಮೇಲೆ ಪೌಡರ್ ತುಂಬೋ ಪಾತ್ರೆ) ಖಾಲಿ ಮಾಡಿ ಅದೇ ಡಬ್ಬಿಗೆ ವಾಪಸ್, ಆಮೇಲೆ ಗುಂಡಿನ ಪೆಟ್ಟಿಗೆ ಮೇಲೆ ಬುಲೆಟ್, ಪೌಡರ್, ಎಷ್ಟು ಗ್ರೇನ್, ಉದ್ದ, ತಾರೀಕು ಬರೆದು ಅಂಟಿಸಿ.