ಮುರಿದ ಮುಖಕ್ಕೆ ಇಂಪ್ಲಾಂಟ್ ಕೂರಿಸುವುದು ಹೇಗೆ?

ಮುಖಕ್ಕೆ ಜೋರು ಪೆಟ್ಟು ಬಿದ್ದಾಗ ಮನೆಯವರು ಕೇಳುವುದು ಒಂದೇ: ‘ಮುಖ ಮೊದಲಿನಂತಾಗುತ್ತಾ?’ ವೈದ್ಯರು ಆಗ ನೋಡುತ್ತಿರುವುದೇ ಬೇರೆ. ಉಸಿರಾಟದ ದಾರಿ, ರಕ್ತಸ್ರಾವ, ತಲೆ ಮತ್ತು ಕುತ್ತಿಗೆಯ ಪೆಟ್ಟು, ಕಣ್ಣಿನ ದೃಷ್ಟಿ. ಇವೆಲ್ಲ ಹತೋಟಿಗೆ ಬಂದ ಮೇಲೆ ಮೂಳೆಯ ಸರದಿ.

ಮೊದಲು ಸಿ.ಟಿ. ಸ್ಕ್ಯಾನ್. ಪದರಗಳು 1 ಮಿ.ಮೀ. ಅಥವಾ ಅದಕ್ಕಿಂತ ತೆಳುವಾಗಿರಬೇಕು. ಚೆನ್ನಾಗಿರುವ ಅರ್ಧ ಮುಖವನ್ನು ಕಂಪ್ಯೂಟರ್‌ನಲ್ಲಿ ಎಡಬಲ ತಿರುಗಿಸಿ, ಪೆಟ್ಟಾದ ಕಡೆಯ ಮೇಲೆ ಇಟ್ಟು ನೋಡುತ್ತಾರೆ. ಎಲ್ಲಿ ಕೊರತೆ ಕಾಣುತ್ತದೋ ಅದೇ ಇಂಪ್ಲಾಂಟ್‌ನ, ಅಂದರೆ ಕೊರತೆ ತುಂಬಲು ಒಳಗೆ ಕೂರಿಸುವ ತುಂಡಿನ ಆಕಾರ. ಎರಡೂ ಕಡೆ ಜಜ್ಜಿಹೋಗಿದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ಹಳೆಯ ಫೋಟೊ, ಹಲ್ಲುಗಳು ಒಂದಕ್ಕೊಂದು ಕೂರುವ ರೀತಿ ನೆರವಿಗೆ ಬರುತ್ತವೆ.

ಆಪರೇಷನ್‌ನಲ್ಲಿ ಸರಿದ ಮೂಳೆಗಳನ್ನು ಮೊದಲು ಜಾಗಕ್ಕೆ ತಂದು, ಪ್ಲೇಟ್ ಮತ್ತು ಸ್ಕ್ರೂ ಹಾಕಿ ಬಿಗಿಯುತ್ತಾರೆ. ಇಂಪ್ಲಾಂಟ್ ಏನಿದ್ದರೂ ಉಳಿದ ಖಾಲಿ ಜಾಗಕ್ಕೆ. ಸೊಟ್ಟ ಮೂಳೆಯನ್ನು ಹಾಗೇ ಬಿಟ್ಟು ಮೇಲೆ ತುಂಡು ಕೂರಿಸಿದರೆ ಮುಖ ಸುಮ್ನೆ ದಪ್ಪ ಕಾಣುತ್ತದೆ, ಅಷ್ಟೆ.

ಸಾಮಗ್ರಿ ಯಾವುದು? ಕೆನ್ನೆಯ ಉಬ್ಬಿಗೆ ಸಣ್ಣ ರಂಧ್ರಗಳಿರುವ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ ಬಳಸುವುದುಂಟು. ಅದರ ರಂಧ್ರಗಳೊಳಗೆ ನಮ್ಮದೇ ಅಂಗಾಂಶ ಬೆಳೆದು ಹಿಡಿದುಕೊಳ್ಳುತ್ತದೆ. ಬೇಕೆಂದಾಗ ತೆಗೆಯುವುದು ಕಷ್ಟವಾಗುವುದೂ ಅದರಿಂದಲೇ. ಹಣೆ, ಬುರುಡೆಯ ದೊಡ್ಡ ಕೊರತೆಗೆ ಅಳತೆಗೆ ತಕ್ಕಂತೆ ಮಾಡಿಸಿದ ಟೈಟಾನಿಯಂ ಲೋಹ ಅಥವಾ ಪೀಕ್ (PEEK) ಎಂಬ ಗಟ್ಟಿ ಪ್ಲಾಸ್ಟಿಕ್. ಮೂಗಿಗೆ ಮಾತ್ರ ರೋಗಿಯದೇ ಪಕ್ಕೆಲುಬಿನ ಮೃದ್ವಸ್ಥಿಯೇ (ಬಾಗುವ ಮೆತ್ತನೆಯ ಎಲುಬು) ವಾಸಿ ಎನ್ನುವವರು ಜಾಸ್ತಿ. ಮೂಗಿನ ಚರ್ಮ ತೆಳು, ಸಿಂಥೆಟಿಕ್ ತುಂಡು ಹೊರಗೆ ಬಂದುಬಿಡುವ ಭಯ.

ಕೈಚಳಕ ಹೆಚ್ಚು ಬೇಕಾಗುವುದು ಕಣ್ಣಿನ ಗೂಡಿನ ತಳದಲ್ಲಿ. ಅಲ್ಲಿನ ಮೂಳೆ ಕೆಲವೆಡೆ 1 ಮಿ.ಮೀ.ಗಿಂತ ತೆಳು. ಒಡೆದರೆ ಕಣ್ಣಿನ ಸುತ್ತಲಿನ ಕೊಬ್ಬು ಕೆಳಗೆ ಜಾರುತ್ತದೆ, ಕಣ್ಣು ಒಳಗೆ ಹೂತಂತಾಗುತ್ತದೆ, ವಸ್ತುಗಳು ಎರಡೆರಡಾಗಿ ಕಾಣುತ್ತವೆ. ಕೆಳರೆಪ್ಪೆಯ ಒಳಬದಿಯಲ್ಲಿ ಕೊಯ್ದು, ಜಾರಿದ್ದನ್ನು ಮೆಲ್ಲಗೆ ಎತ್ತಿ, ಕೆಳಗೆ ಟೈಟಾನಿಯಂ ಜಾಲರಿ ಇಡುತ್ತಾರೆ. ಜಾಲರಿಯ ಹಿಂದಿನ ಅಂಚು ಗಟ್ಟಿ ಮೂಳೆಯ ಮೇಲೆ ಕೂತಿರಲೇಬೇಕು. ಆಮೇಲೆ ಕಣ್ಣುಗುಡ್ಡೆಯನ್ನು ಚಿಮಟದಿಂದ ಹಿಡಿದು ಎಲ್ಲ ದಿಕ್ಕಿಗೂ ಹೊರಳಿಸಿ, ಸ್ನಾಯು ಸಿಕ್ಕಿಕೊಂಡಿಲ್ಲವೆಂದು ಖಚಿತ ಮಾಡಿಕೊಳ್ಳುತ್ತಾರೆ. ದೊಡ್ಡವರಿಗೆ ಸಾಮಾನ್ಯವಾಗಿ ಬಾವು ಇಳಿಯಲು ಕೆಲವು ದಿನ ಕಾಯಬಹುದು. ಮಕ್ಕಳಲ್ಲಿ ಸ್ನಾಯು ಬಿರುಕಿನಲ್ಲಿ ಸಿಕ್ಕಿಕೊಂಡರೆ ತಡ ಮಾಡುವಂತಿಲ್ಲ. ಕಣ್ಣು ಕೆಂಪಾಗದೆಯೂ ಇರಬಹುದು. ಪೆಟ್ಟಿನ ನಂತರ ವಾಂತಿ, ಮೇಲೆ ನೋಡಲಾಗದಿರುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಆಪರೇಷನ್ ನಂತರದ ಮೊದಲ ಗಂಟೆಗಳಲ್ಲಿ ದೃಷ್ಟಿಯನ್ನು ಪದೇ ಪದೇ ಪರೀಕ್ಷಿಸುತ್ತಾರೆ. ತಲೆ ಎತ್ತರದಲ್ಲಿಟ್ಟು ಮಲಗಬೇಕು. ವೈದ್ಯರು ಹೇಳುವವರೆಗೆ ಸಿಂಬಳ ತೆಗೆಯಲು ಮೂಗಿನಿಂದ ಜೋರಾಗಿ ಗಾಳಿ ಊದಬಾರದು, ಆ ಗಾಳಿ ಕಣ್ಣಿನ ಗೂಡಿಗೆ ನುಗ್ಗಬಹುದು. ಸಿಗರೇಟು ಗಾಯ ಮಾಯುವುದನ್ನು ನಿಧಾನ ಮಾಡುತ್ತದೆ.

ಇಂಪ್ಲಾಂಟ್‌ಗೆ ಸೋಂಕು ತಗುಲಿದರೆ ಎಷ್ಟೋ ಸಲ ಅದನ್ನೇ ತೆಗೆಯಬೇಕಾಗುತ್ತದೆ. ವರ್ಷಗಳ ನಂತರವೂ ಆ ಜಾಗ ಕೆಂಪಾದರೆ, ಊದಿದರೆ ಉದಾಸೀನ ಬೇಡ. ಟೈಟಾನಿಯಂ ಇದ್ದವರು ಸಾಮಾನ್ಯವಾಗಿ ಎಂ.ಆರ್.ಐ. ಮಾಡಿಸಬಹುದು, ಆದರೂ ಮೊದಲೇ ಹೇಳಿ. ಇಂಪ್ಲಾಂಟ್‌ನ ವಿವರವಿರುವ ಕಾರ್ಡ್ ಕೇಳಿ ಪಡೆದು ಜೋಪಾನ ಮಾಡಿ.