ಶುಗರ್ ಜೊತೆ ಪಿತ್ತಕೋಶದ ಕಲ್ಲು: ನಾನು ಊಟ ಸರಿಮಾಡಿಕೊಂಡ ಬಗೆ

ನನಗೆ ಶುಗರ್ ಬಂದು ಒಂಬತ್ತು ವರ್ಷ. ಕಲ್ಲಿನ ವಿಷಯ ಗೊತ್ತಾಗಿದ್ದು ಈಚೆಗೆ, ಒಂದು ಗೃಹಪ್ರವೇಶದ ಊಟ ಮುಗಿಸಿ ಬಂದ ರಾತ್ರಿ. ತುಪ್ಪ ಸುರಿದ ಎರಡು ಹೋಳಿಗೆ, ಆಂಬೊಡೆ, ಪೂರಿ ಎಲ್ಲ ಹೊಡೆದಿದ್ದೆ. ಒಂದು ಗಂಟೆ ಹೊತ್ತಿಗೆ ಬಲಪಕ್ಕೆ ಕೆಳಗೆ ಹಿಡಿದ ನೋವು ಬೆನ್ನಿಗೆ ಹೋಗಿ ಬಲ ಭುಜಕ್ಕೂ ಏರಿತು. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದೆ, ಪ್ರಯೋಜನವಾಗಲಿಲ್ಲ. ಶುಗರ್ ಇರುವವನು ಅಂತ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ತೆಗೆದರು. ಅದು ಸರಿಯಿತ್ತು. ಬೆಳಿಗ್ಗೆ ಸ್ಕ್ಯಾನ್ ಮಾಡಿದರೆ ಪಿತ್ತಕೋಶದಲ್ಲಿ ನಾಲ್ಕೈದು ಕಲ್ಲು, ದೊಡ್ಡದು 9 ಮಿಲಿಮೀಟರ್.

ಆಪರೇಷನ್ ಮಾಡೋಣ, ಆದರೆ ನಿಮ್ಮ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ಲೆಕ್ಕ) 9.1 ಇದೆ, 8ರೊಳಗೆ ಬರಲಿ ಅಂದರು ಸರ್ಜನ್. ಊಟದಿಂದ ಕಲ್ಲು ಕರಗಲ್ಲ ಅಂತಲೂ ಬಿಡಿಸಿ ಹೇಳಿದರು. ಅಲ್ಲಿಯವರೆಗೆ ನೋವು ಬರದ ಹಾಗೆ, ಶುಗರ್ ಏರದ ಹಾಗೆ ತಿನ್ನಬೇಕು. ಕೇಳಲು ಸುಲಭ, ಅಲ್ವಾ?

ನಾನು ಮಾಡಿದ ಮೊದಲ ತಪ್ಪು ಎಣ್ಣೆಯನ್ನು ಪೂರ್ತಿ ಬಿಟ್ಟಿದ್ದು. ಒಗ್ಗರಣೆಯೂ ಇಲ್ಲದ ಸಾರು. ಪಲ್ಯ ರುಚಿಸದೆ ಹಸಿವು ತಣಿಸಲು ಅನ್ನ ಜಾಸ್ತಿಯಾಯಿತು. ವಾರದಲ್ಲಿ ಊಟದ ನಂತರದ ಶುಗರ್ 260. ಗಾಬರಿಯಾಗಿ ರಾತ್ರಿ ಊಟವನ್ನೇ ಬಿಟ್ಟೆ. ಆದರೆ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಎಂದಿನಂತೆ ನುಂಗಿದ್ದೆ. ಬೆಳಗಿನ ಜಾವ ಮೂರಕ್ಕೆ ಬನಿಯನ್ ಒದ್ದೆ, ಕೈ ನಡುಕ. ಮೀಟರ್‌ನಲ್ಲಿ 58. ಹೆಂಡತಿ ನೀರಿಗೆ ಮೂರು ಚಮಚ ಸಕ್ಕರೆ ಕಲಕಿ ಕುಡಿಸಿದಳು. "ಶುಗರ್ ಇಳಿಸಿ ಅಂದ್ರೆ ನೀವು ಪ್ರಾಣನೇ ಇಳಿಸ್ಕೊಳ್ತೀರಲ್ರೀ" ಅಂತ ಬೈದಳು.

ಉಪವಾಸ ಕಲ್ಲಿಗೂ ಒಳ್ಳೆಯದಲ್ಲ ಅಂತ ಡಾಕ್ಟರ್ ಹೇಳಿದ್ದು ಆಮೇಲೆ. ಪಿತ್ತರಸ ಮಾಡುವುದು ಲಿವರ್, ಕೂಡಿಡುವುದು ಪಿತ್ತಕೋಶ. ಊಟದಲ್ಲಿ ಕೊಬ್ಬು ಬಂದಾಗ ಅದು ಹಿಂಡಿಕೊಂಡು ರಸ ಬಿಡುತ್ತದೆ. ಒಂದೇ ಸಲ ಜಿಡ್ಡು ಜಾಸ್ತಿ ಬಿದ್ದರೆ ಜೋರಾಗಿ ಹಿಂಡುತ್ತದೆ, ಆಗ ಕಲ್ಲು ಪಿತ್ತಕೋಶದ ಬಾಯಿಗೆ ಸಿಕ್ಕಿಕೊಂಡರೆ ನೋವು. ಏನೂ ತಿನ್ನದಿದ್ದರೆ ರಸ ಅಲ್ಲೇ ನಿಂತು ಗಟ್ಟಿಯಾಗುತ್ತದೆ. ತೂಕ ದಡದಡ ಇಳಿದರೂ ಹೊಸ ಕಲ್ಲು ಕೂಡಬಹುದು. ನಾನು ಎರಡು ವಾರದಲ್ಲಿ ಮೂರು ಕಿಲೋ ಇಳಿದೆ ಅಂತ ಹೆಮ್ಮೆಯಿಂದ ಹೇಳಿದ್ದಕ್ಕೆ ಬೈಗುಳ ಸಿಕ್ಕಿತು.

ಹಾಗಾಗಿ ಎಣ್ಣೆ ಬಿಡುವ ಬದಲು ಅಳೆಯಲು ಶುರು ಮಾಡಿದೆವು. ದಿನಕ್ಕೆ ಒಬ್ಬರಿಗೆ ಮೂರು ಟೀ ಚಮಚ, ಮೂರು ಹೊತ್ತಿಗೆ ಹಂಚಿ. ನಮ್ಮ ಮನೇಲಿ ಮೂರು ಜನ, ತಿಂಗಳಿಗೆ ನಾಲ್ಕು ಲೀಟರ್ ಖರ್ಚಾಗುತ್ತಿತ್ತು. ಈಗ ಒಂದೂವರೆ ಸಾಕು. ಹುಳಿಗೆ ಅರ್ಧ ಹೋಳು ಕಾಯಿ ರುಬ್ಬುವ ಬದಲು ಎರಡು ಚಮಚ ಕಾಯಿತುರಿ, ಒಂದು ಚಮಚ ಹುರಿಗಡಲೆ. ಸಾರು ಗಟ್ಟಿಯಾಗುತ್ತದೆ, ರುಚಿಯೂ ಕೆಡಲ್ಲ. ನಾನು ಮೋಸ ಹೋಗಿದ್ದು ಕಡಲೆಕಾಯಿಬೀಜದಲ್ಲಿ. ಶುಗರ್‌ಗೆ ಒಳ್ಳೇದು ಅಂತ ಸಂಜೆ ಸುಮ್ನೆ ಬಾಯಾಡಿಸುತ್ತಿದ್ದೆ. ಒಂದು ಹಿಡಿ, ಅಂದರೆ 30 ಗ್ರಾಂ ಬೀಜದಲ್ಲಿ ಹತ್ತಿರಹತ್ತಿರ 15 ಗ್ರಾಂ ಕೊಬ್ಬು. ಇಡೀ ದಿನದ ಎಣ್ಣೆ ಅಲ್ಲೇ ಮುಗಿಯಿತು! ಈಗ ಹತ್ತು ಬೀಜ ಎಣಿಸಿ ಡಬ್ಬಿ ಮುಚ್ಚುತ್ತೇನೆ.

ರಾಗಿ ತಿಂದರೆ ಶುಗರ್ ಏರಲ್ಲ ಅನ್ನುವವರು ದೊಡ್ಡ ಮುದ್ದೆ ನುಂಗಿ ಎರಡು ಗಂಟೆ ಬಿಟ್ಟು ಮೀಟರ್ ನೋಡಲಿ. ನನಗೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಮುದ್ದೆ ಸರಿಹೋಯಿತು, ಜೊತೆಗೆ ಬಟ್ಟಲು ತುಂಬ ಹೆಸರುಕಾಳು, ಸೊಪ್ಪಿನ ಬಸ್ಸಾರು. ಮೊದಲು ಸೌತೆಕಾಯಿ ಕೋಸಂಬರಿ, ಆಮೇಲೆ ಮುದ್ದೆ. ಅದೇ ರಾಗಿಯ ಗಂಜಿ ಮಾತ್ರ ಬೇಗ ಏರಿಸುತ್ತದೆ. ಬೆಳಿಗ್ಗೆ ಎರಡು ಇಡ್ಲಿ, ಸಾಂಬಾರ್ ಜಾಸ್ತಿ, ಚಟ್ನಿ ಒಂದು ಚಮಚ. ಐದು ಗಂಟೆಗೆ ನೀರು ಮಜ್ಜಿಗೆ, ಹುರಿಗಡಲೆ. ರಾತ್ರಿ ಎಂಟಕ್ಕೆ ಎರಡು ಚಪಾತಿ, ಹೀರೇಕಾಯಿ ಪಲ್ಯ. ಹೊತ್ತು ತಪ್ಪಿಸುವುದಿಲ್ಲ, ಅಷ್ಟೇ.

ಸಲಹೆಗಳಿಗೇನೂ ಕಮ್ಮಿಯಿರಲಿಲ್ಲ. ಬಾಳೆದಿಂಡಿನ ರಸ ಕುಡಿಯಿರಿ ಅಂದರು ಅತ್ತೆ. ಅದನ್ನು ಹೇಳುವುದು ಕಿಡ್ನಿ ಕಲ್ಲಿಗೆ, ನನ್ನದು ಬೇರೆ ಜಾಗ ಅಂತ ತಿಳಿಸಲು ಅರ್ಧ ಗಂಟೆ ಬೇಕಾಯಿತು. ಷಡ್ಡಕ ಇನ್ನೂ ಮುಂದೆ ಹೋದ. ಐದು ದಿನ ಸೇಬಿನ ರಸ, ಆರನೇ ರಾತ್ರಿ ಆಲಿವ್ ಎಣ್ಣೆಗೆ ನಿಂಬೆರಸ, ಬೆಳಿಗ್ಗೆ ಹಸಿರು ಕಲ್ಲು ಉದುರುತ್ತವಂತೆ. ಉದುರುವುದು ಕಲ್ಲಲ್ಲ, ಎಣ್ಣೆಯೇ ಹೊಟ್ಟೆಯಲ್ಲಿ ಸೋಪಿನ ಹಾಗೆ ಉಂಡೆ ಕಟ್ಟಿರುತ್ತದೆ. ಶುಗರ್ ಇರುವವನಿಗೆ ಸೇಬಿನ ರಸ, ಕಲ್ಲು ಇರುವವನಿಗೆ ಲೋಟಗಟ್ಟಲೆ ಎಣ್ಣೆ! ನನ್ನನ್ನು ಮುಗಿಸಲು ಇದಕ್ಕಿಂತ ಒಳ್ಳೆ ಉಪಾಯ ಬೇಡ.

ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇವೆ: ಚಳಿಜ್ವರ, ಕಣ್ಣು ಹಳದಿ, ಬಿಡದ ನೋವು ಅಥವಾ ನಿಲ್ಲದ ವಾಂತಿ ಬಂದರೆ ಕಾಯದೆ ಆಸ್ಪತ್ರೆಗೆ. ಅದರ ಕೆಳಗೆ, ಮಾತ್ರೆ ಬದಲಾವಣೆ ಡಾಕ್ಟರ್ ಕೇಳದೆ ಬೇಡ ಅಂತ ಹೆಂಡತಿ ಬರೆದಿದ್ದಾಳೆ. ಅದು ನನಗೇ.

ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ 7.6ಕ್ಕೆ ಬಂತು. ನೋವು ಮತ್ತೆ ಬಂದಿದ್ದು ಒಂದೇ ಸಲ, ಹೋಟೆಲಿನಲ್ಲಿ ಬೆಣ್ಣೆ ಮಸಾಲೆ ತಿಂದ ದಿನ. ಮುಂದಿನ ತಿಂಗಳು ಆಪರೇಷನ್. ಮೊನ್ನೆ ಹಬ್ಬಕ್ಕೆ ಅರ್ಧ ಹೋಳಿಗೆ ತಿಂದೆ, ತುಪ್ಪವಿಲ್ಲದೆ, ಅನ್ನ ಬಿಟ್ಟು. ಎರಡು ಗಂಟೆ ಬಿಟ್ಟು ನೋಡಿದರೆ ಶುಗರ್ 171. ಉಳಿದರ್ಧ ಹೆಂಡತಿಯ ಎಲೆಗೆ ಹೋಯಿತು.